ಒಂದು ಮೊರ ತೌಡಿನ ಮಗಳು

ತಾಳಗುಂದದಲ್ಲಿ ವರದಮ್ಮನ ಸುದ್ದಿ ಬಂದಾಗಲೆಲ್ಲ ಕೇರಿಯ ಹೆಂಗಸರ ಬಾಯಲ್ಲಿ ಒಂದೇ ಮಾತು: "ಹೆತ್ತೋರಿಗೆ ಒಂಬತ್ತು ತಿಂಗಳು, ವರದಮ್ಮಗೆ ಒಂದು ಮೊರ ತೌಡು." ಹಾಗೆಂದು ನಗುತ್ತಿದ್ದರು. ಆ ನಗುವಿನಲ್ಲಿ ಕೆಡುಕೇನೂ ಇರಲಿಲ್ಲ. ಎದುರುಮನೆಯ ಮುದುಕಿ ಗುಡ್ಡಮ್ಮ ಮಾತ್ರ ಅದಕ್ಕೊಂದು ಬಾಲ ಅಂಟಿಸುತ್ತಿದ್ದಳು: "ನಾನು ಎಂಟು ಹೆತ್ತೆ ಕಣ್ರವ್ವ. ತೌಡಿಗೆ ಸಿಗ್ತಾವೆ ಅಂತ ಆಗ್ಲೇ ಗೊತ್ತಿದ್ರೆ ಎಮ್ಮೆಗೆ ಒಂದ್ ಹಿಡಿ ಕಡಿಮೆ ಹಾಕ್ತಿದ್ದೆ."

ವರದಮ್ಮ ಸೊರಬದ ಕಡೆಯ ಹೆಣ್ಣು. ಕುಪ್ಪಗಡ್ಡೆಯಲ್ಲಿ ಹುಟ್ಟಿ ತಾಳಗುಂದಕ್ಕೆ ಸೊಸೆಯಾಗಿ ಬಂದವಳು. ಗಂಡ ಚಳಿಜ್ವರದಲ್ಲಿ ಹೋದ. ಮಡಿಲು ತುಂಬಿರಲಿಲ್ಲ. ಅಣ್ಣ ಬಂದು ಕರೆದರೂ ಅವಳು ತವರಿಗೆ ಹೋಗಲಿಲ್ಲ. ಮನೆಮನೆಯ ಭತ್ತ ಕುಟ್ಟಿಕೊಟ್ಟು, ಕೂಲಿಗೆ ನುಚ್ಚು ತೌಡು ತಂದು, ತನ್ನ ಪಾಡಿಗೆ ತಾನಿದ್ದಳು. ತೋಳು ಒನಕೆಯಷ್ಟೇ ಗಟ್ಟಿ, ಮಾತು ಕಡಿಮೆ. ಯಾರ ಮನೆಯ ಕೂಸು ಕಂಡರೂ ಅವಳ ಕೈ ತಾನಾಗಿ ಸೊಂಟದ ಸೆರಗಿಗೆ ಹೋಗುತ್ತಿತ್ತು. ಒರೆಸಿಕೊಂಡು, ಎತ್ತಿಕೊಳ್ಳಲು ಸಿದ್ಧವಾಗಿ, ಮತ್ತೆ ಹಾಗೇ ಇಳಿಯುತ್ತಿತ್ತು. ಬಂಜೆಯ ಕೈಗೆ ಮಗು ಕೊಡುವ ಮುಂಚೆ ಜನ ಒಂದು ಗಳಿಗೆ ಯೋಚಿಸುತ್ತಾರೆ. ಆ ಒಂದು ಗಳಿಗೆ ಅವಳಿಗೆ ಗೊತ್ತಿತ್ತು.

ಕೆರೆಯ ಕೆಳಗೆ ಗದ್ದೆ ಮಾಡಿಕೊಂಡಿದ್ದ ಆನಂದಪ್ಪನ ಮನೆಗೆ ಅವಳು ಭತ್ತ ಕುಟ್ಟಲು ಹೋಗುತ್ತಿದ್ದಳು. ಆನಂದಪ್ಪನ ಹೆಂಡತಿ ಶೇಷಮ್ಮ ಜೊತೆಗೆ ನಿಲ್ಲುತ್ತಿದ್ದಳು. ಒಂದೇ ಒರಳು, ಎರಡು ಒನಕೆ. ಒಬ್ಬಳದು ಏಳುವಾಗ ಇನ್ನೊಬ್ಬಳದು ಇಳಿಯಬೇಕು, ತಪ್ಪಿದರೆ ಒನಕೆಗೆ ಒನಕೆ ತಾಗಿ ಮೊಣಕೈವರೆಗೂ ಜುಮ್ಮೆನ್ನುತ್ತದೆ. ಅವರಿಬ್ಬರದು ತಪ್ಪುತ್ತಿರಲಿಲ್ಲ.

ಮೈಸೂರು ರಾಜ್ಯ ದೊಡ್ಡದಾಯಿತಲ್ಲ, ಆ ವರ್ಷದ ಸುಗ್ಗಿಯಲ್ಲಿ ಅದು ಮೊದಲ ಸಲ ಆದದ್ದು. ಶೇಷಮ್ಮನ ಮಗಳು ರಾಜೇಶ್ವರಿ ಆಗಿನ್ನೂ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಒರಳಿನ ಪಕ್ಕ ಬೆಲ್ಲದ ಚೂರು ಹಿಡಿದು ಕೂತಿದ್ದ ಕೂಸಿನ ಕೈಯಿಂದ ಕೋಳಿಯೊಂದು ಬೆಲ್ಲ ಕಿತ್ತುಕೊಂಡು ಓಡಿತು. ಮಗು ಅಳಲು ಬಾಯಿ ತೆರೆಯಿತು. ತೆರೆದ ಬಾಯಿ ತೆರೆದೇ ಇತ್ತು, ದನಿ ಬರಲಿಲ್ಲ. ಒಳಗಿನ ಗಾಳಿಯೆಲ್ಲ ಹೊರಗೆ ಹೋಗಿತ್ತು, ಹೊರಗಿನದು ಒಳಗೆ ಹೋಗಲೊಲ್ಲದು. ತುಟಿ ನೇರಳೆ ಹಣ್ಣು ತಿಂದಂತೆ ನೀಲಿಯಾಯಿತು. ಕತ್ತು ವಾಲಿತು. ಕೈಕಾಲು ಒದ್ದೆ ಬಟ್ಟೆಯಾದವು.

ಶೇಷಮ್ಮನ ಕೂಗಿಗೆ ಕೇರಿಯೇ ಬಂತು. ಒಬ್ಬರು ಈರುಳ್ಳಿ ಜಜ್ಜಿ ತಂದರು, ಒಬ್ಬರು ಕಬ್ಬಿಣದ ಬೀಗದ ಕೈ ತಂದರು, ಗುಡ್ಡಮ್ಮ ಚಪ್ಪಲಿ ಹಿಡಿದು ಬಂದಳು. ಅಷ್ಟರೊಳಗೆ ವರದಮ್ಮ ಮಗುವನ್ನು ತೊಡೆಗೆ ಹಾಕಿಕೊಂಡು ಅದರ ಎದೆಗೆ ಕಿವಿ ಇಟ್ಟಿದ್ದಳು. ಅಲ್ಲಿ ಜೋಡಿ ಒನಕೆ ಬೀಳುತ್ತಿತ್ತು. ನಿಧಾನವಾಯಿತು. ಇಬ್ಬರಲ್ಲಿ ಒಬ್ಬಳು ಬೆವರು ಒರೆಸಿಕೊಳ್ಳಲು ನಿಂತಂತೆ ಒಂದು ಪೆಟ್ಟು ತಡೆಯಿತು, ಇನ್ನೊಂದು ತಡೆಯಿತು. ವರದಮ್ಮನ ಉಸಿರೂ ನಿಂತಿತು. ಆಮೇಲೆ ಮತ್ತೆ ಇಬ್ಬರೂ ಕುಟ್ಟತೊಡಗಿದರು. ಮಗು ಒಂದು ದೀರ್ಘ ಉಸಿರೆಳೆದು ಕಣ್ಣು ಬಿಟ್ಟಿತು. ಬಿಟ್ಟದ್ದು ವರದಮ್ಮನ ಮುಖದ ಮೇಲೆ.

"ಅವಳ ತೊಡೇಲೇ ಜೀವ ಬಂತು ನೋಡು," ಎಂದರು ಯಾರೋ. ಆ ಮಾತು ಅಂಟಿಕೊಂಡಿತು. ಮತ್ತೊಮ್ಮೆ ಬಂದಾಗಲೂ, ಮಗದೊಮ್ಮೆ ಬಂದಾಗಲೂ ಶೇಷಮ್ಮ ಮಗುವನ್ನು ಎತ್ತಿಕೊಂಡು ವರದಮ್ಮನ ಗುಡಿಸಲಿಗೆ ಓಡಿದಳು. ಉಸಿರು ತಾನಾಗಿಯೇ ಬರುತ್ತಿತ್ತು. ಬರುವ ಹೊತ್ತಿಗೆ ಮಗು ವರದಮ್ಮನ ಕೈಯಲ್ಲಿ ಇರುತ್ತಿತ್ತು. ಯಾರಿಗೆ ಬೇಕು ಬೇರೆ ಸಾಕ್ಷಿ?

ಹಿರಿಯ ಹೆಂಗಸರು ಕೂತು ತೀರ್ಮಾನ ಮಾಡಿದರು. ಈ ಕೂಸಿನ ಮೇಲೆ ಯಮನ ಕಣ್ಣು ಬಿದ್ದೈತೆ, ಇದನ್ನ ಮಾರಬೇಕು. ಬೇರೆಯವರ ಮಗುವಾದರೆ ಅವನು ಆನಂದಪ್ಪನ ಮನೆಯಲ್ಲಿ ಹುಡುಕಿ ಸೋತು ಹೋಗುತ್ತಾನೆ.

ಮಾರಾಟದ ದಿನ ಶೇಷಮ್ಮ ಮಗುವನ್ನು ಮೊರದಲ್ಲಿ ಮಲಗಿಸಿ ಹಿತ್ತಿಲ ಬಾಗಿಲ ಹೊಸ್ತಿಲ ಮೇಲೆ ಇಟ್ಟಳು. ವರದಮ್ಮ ಇನ್ನೊಂದು ಮೊರದಲ್ಲಿ ತೌಡು ತುಂಬಿಕೊಂಡು ಹೊರಗೆ ನಿಂತಳು.

"ಏನು ಮಾರ್ತೀರಿ?"

"ಒಡಕು ಗಡಿಗೆ ಮಾರ್ತೀವಿ. ನಮಗೆ ಬೇಡಾಗೈತೆ."

"ಒಂದು ಮೊರ ತೌಡಿಗೆ ಕೊಡ್ತೀರಾ?"

"ಹೆಚ್ಚಾಯ್ತು. ತಗಂಡು ಹೋಗು," ಎಂದಳು ಶೇಷಮ್ಮ. ಹೇಳಿಕೊಟ್ಟ ಮಾತೇ ಆದರೂ ಬಾಯಿ ಒಣಗಿ ಎರಡು ಸಲ ಹೇಳಬೇಕಾಯಿತು.

ತೌಡನ್ನು ಆಗಲೇ ಎಮ್ಮೆಗೆ ಕಲಸಿ ಹಾಕಿದರು, ತಿರುಗಿ ಕೇಳುವ ಹಾಗಿಲ್ಲ. ವರದಮ್ಮ ಮಗುವನ್ನು ಎತ್ತಿಕೊಂಡು ಪ್ರಣವೇಶ್ವರನ ಗುಡಿ ಸುತ್ತಿ ಬಂದು, ಮುಂಬಾಗಿಲಲ್ಲಿ ನಿಂತು, "ನನ್ನ ಮಗಳಿಗೂ ನನಗೂ ಒಂದು ಮೂಲೆ ಕೊಡ್ತೀರಾ?" ಎಂದು ಕೇಳಿದಳು. ಆನಂದಪ್ಪ ಪಡಸಾಲೆಯ ಪಕ್ಕದ ಕೋಣೆ ತೋರಿಸಿದ. ಅಂದಿನಿಂದ ಮಗು ರಾಜೇಶ್ವರಿ ಅಲ್ಲ, ತೌಡಿ. ಮಾತು ಬಂದಾಗ ಅದು ವರದಮ್ಮನನ್ನು ಅವ್ವ ಅನ್ನಬೇಕು, ಹೆತ್ತವಳು ಶೇಷಕ್ಕ. ಕಾಯಿಲೆ ಬಿಟ್ಟಿತೆಂದು ಕೊಂಡವಳು ತನ್ನ ಬಾಯಾರೆ ಹೇಳುವವರೆಗೆ ಮಗುವನ್ನು ವಾಪಸು ಕೇಳುವಂತಿಲ್ಲ. ಹಾಗೆ ಹೇಳಿ ಮಗುವನ್ನು ಕೊಟ್ಟ ಮೇಲೆ, ಕೊಟ್ಟವಳು ಆ ಮನೆಯ ಹೊಸ್ತಿಲು ಮತ್ತೆ ತುಳಿಯಬಾರದು. ತುಳಿದರೆ ಮಗು ಯಾರದೆಂದು ಮತ್ತೆ ಲೆಕ್ಕ ಶುರುವಾಗುತ್ತದಂತೆ.

ಹೀಗೆ ವರದಮ್ಮ ತಾಯಿಯಾದಳು.

ತೌಡಿಯನ್ನು ಅಳಿಸಬಾರದು ಎನ್ನುವುದು ಊರಿಗೇ ಕಟ್ಟಳೆಯಾಯಿತು. ಅವಳು ಕೈ ತೋರಿಸಿದ್ದು ಅವಳದೇ. ಪೂಜಾರಿಯ ಗಂಟೆ ಕೇಳಿದಳು, ಒಂದು ಬೆಳಗ್ಗೆ ದೇವರಿಗೆ ಗಂಟೆಯಿಲ್ಲದ ಪೂಜೆ ಆಯಿತು. ಗುಡ್ಡಮ್ಮನ ಮೂಗುಬಟ್ಟಿಗೆ ಕೈ ಹಾಕಿದಾಗ ಮುದುಕಿ, "ತಗಾ ತಾಯಿ, ಮೂಗೂ ಬೇಕಾ?" ಎಂದು ಬಿಚ್ಚಿ ಕೊಟ್ಟಳು. ಆದರೂ ಅಳು ಬಂದೇ ಬರುತ್ತದಲ್ಲ. ಬಂದಾಗ ವರದಮ್ಮ ಎಲ್ಲಿದ್ದರೂ ಓಡಿ ಬಂದು ಎದೆಗೆ ಕಿವಿ ಇಡುತ್ತಿದ್ದಳು. ತಡೆದ ಪೆಟ್ಟು ಮತ್ತೆ ಬೀಳುವವರೆಗೆ ಅವಳಿಗೆ ಜಗತ್ತಿನಲ್ಲಿ ಬೇರೇನೂ ಕೇಳಿಸುತ್ತಿರಲಿಲ್ಲ. ಬಿದ್ದ ಮೇಲೆ ಒಂದು ಸುಖ. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಮಗು ಕಣ್ಣು ಬಿಟ್ಟು "ಅವ್ವ" ಅನ್ನುತ್ತಿತ್ತು.

ಶೇಷಮ್ಮನಿಗೆ ಆಮೇಲೆ ಬೇರೆ ಮಗು ಆಗಲಿಲ್ಲ. ಅವಳು ತೌಡಿಗೆ ತಲೆ ಬಾಚುವ ನೆಪ ಕಾಯುತ್ತಿದ್ದಳು. ಬಾಚುತ್ತಾ ಬಾಚುತ್ತಾ ನೆತ್ತಿ ಮೂಸುತ್ತಿದ್ದಳು. ಒಂದು ಮಧ್ಯಾಹ್ನ ವರದಮ್ಮ ಹಿತ್ತಿಲಿಂದ ಬರುವಾಗ ಒಳಗಿನ ಪಿಸುಮಾತು ಕೇಳಿತು.

"ಒಂದೇ ಸಲ ಅನ್ನು. ಯಾರಿಗೂ ಕೇಳಲ್ಲ. ಅವ್ವಾ ಅನ್ನು."

"ಅವ್ವ ಹೊರಗೈತೆ," ಎಂದಿತು ಮಗು. "ನೀ ಶೇಷಕ್ಕ."

"ಹೂಂ. ನಾನು ಶೇಷಕ್ಕ," ಎಂದಳು ಶೇಷಮ್ಮ. ಬಾಚಣಿಗೆ ಮತ್ತೆ ಓಡಿತು.

ವರದಮ್ಮ ಒಳಗೆ ಹೋಗದೆ ಹಾಗೇ ತಿರುಗಿ ಹೋಗಿ, ಮತ್ತೊಮ್ಮೆ ಕೆಮ್ಮಿಕೊಂಡು ಬಂದಳು.

ಮಗು ಬೆಳೆದಂತೆ ಉಸಿರು ಕಟ್ಟುವುದು ಅಪರೂಪವಾಯಿತು. ಒಂದು ದೀಪಾವಳಿ ದಾಟಿತು, ಯುಗಾದಿ ದಾಟಿತು. ತೌಡಿಗೆ ಈಗ ಓಟವೇ ನಡಿಗೆ. ಬೇಸಿಗೆಯಲ್ಲಿ ಒಂದು ದಿನ ಊರಾಚೆಯ ಕಣದಲ್ಲಿ ವರದಮ್ಮನ ಜೊತೆ ಇದ್ದವಳು ನಡುವಿನ ಮೇಟಿಗಂಬದ ಬುಡ ಎಡವಿ ಬಿದ್ದಳು. ಮೊಣಕಾಲು ತರಚಿ ರಕ್ತ ಬಂತು. ವರದಮ್ಮ ಓಡಿದಳು. ತೌಡಿ ಬಾಯಿ ತೆರೆದಳು, ಅತ್ತಳು, ಉಸಿರೆಳೆದಳು, ಮತ್ತೆ ಅತ್ತಳು, ಮತ್ತೆ ಉಸಿರೆಳೆದಳು. ಎಲ್ಲರ ಮನೆಯ ಮಕ್ಕಳು ಅಳುವ ಹಾಗೆ, ಮೂಗು ಸುರಿಸಿಕೊಂಡು, ನೊಣ ಓಡಿಸಿಕೊಂಡು.

ವರದಮ್ಮ ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತು ಆ ಅಳುವನ್ನು ಪೂರ್ತಿ ಕೇಳಿದಳು. ಅದು ಗುಣವಾದ ಅಳು. ಅಷ್ಟು ವರ್ಷ ದೇವರಲ್ಲಿ ಕೇಳಿಕೊಂಡಿದ್ದೇ ಅದನ್ನ. ಬಂದಿತು. ಇನ್ನು ಅದನ್ನು ಬಾಯಾರೆ ಹೇಳಬೇಕು.

ಅಂದು ಸಂಜೆ ಶೇಷಮ್ಮ ಅಕ್ಕಿ ಆರಿಸುತ್ತಾ, ತಲೆ ಎತ್ತದೆ ಕೇಳಿದಳು: "ಈಚೀಚೆಗೆ ಬಂದಂಗೆ ಕಾಣ್ಲಿಲ್ಲ, ಅಲ್ವಾ ವರದಕ್ಕ?"

ಆ ದನಿಯಲ್ಲಿ ಆಸೆ ಎಷ್ಟಿತ್ತೆಂದರೆ, ವರದಮ್ಮನಿಗೆ ತನ್ನ ಚಾಪೆ ಸುತ್ತಿಟ್ಟ ಹಾಗೇ ಆಯಿತು.

"ಬಂದಿತ್ತು ಮಾರಾಯ್ತಿ. ಮೊನ್ನೆ. ಕಣದಲ್ಲಿ."

"ಅಳು ಯಾರಿಗೂ ಕೇಳ್ಲೇ ಇಲ್ಲ?"

ಹೌದಲ್ಲ, ಮೊನ್ನೆಯೂ ಪಕ್ಕದ ಕಣದಲ್ಲಿ ಜನರಿದ್ದರು. ವರದಮ್ಮ ತಡವರಿಸಿದಳು. "ಅಳಲಿಲ್ಲ. ಆಡ್ತಾ ಆಡ್ತಾ ಹಾಗೇ ಕುಸೀತು. ಆಮೇಲೆ ಎದ್ದುಕೊಳ್ತು."

ಶೇಷಮ್ಮನ ಕೈಯಲ್ಲಿದ್ದ ಕಲ್ಲು ಅಕ್ಕಿಯೊಳಗೇ ಬಿತ್ತು.

ಆನಂದಪ್ಪನಿಗೆ ಈ ಸಲ ಹೆಂಗಸರ ಮಾತು ಸಾಕೆನಿಸಿತು. ಶಿಕಾರಿಪುರದಲ್ಲಿ ಕಮಲಾಕರ ಡಾಕ್ಟರೆಂದು ಹೊಸದಾಗಿ ಬಂದವರಿದ್ದರು. ಮಕ್ಕಳ ಕೈಗೆ ತಮ್ಮ ಸ್ಟೆತಾಸ್ಕೋಪು ಕೊಟ್ಟು ಆಡಲು ಬಿಡುತ್ತಿದ್ದ ಮನುಷ್ಯ. ಗಾಡಿ ಕಟ್ಟಿಕೊಂಡು ನಾಲ್ವರೂ ಹೋದರು. ಡಾಕ್ಟರು ಮೊದಲಿನ ಕತೆಯೆಲ್ಲ ಕೇಳಿ ನಕ್ಕರು.

"ಸಿಟ್ಟಿಗೋ ನೋವಿಗೋ ಅತ್ತು, ಉಸಿರು ಕಟ್ಟಿ, ನೀಲಿಯಾಗೋದು. ಸುಮಾರು ಮಕ್ಕಳಿಗೆ ಬರುತ್ತೆ ರೀ. ಎದೆಬಡಿತ ಒಂದ್ ಕ್ಷಣ ನಿಧಾನ ಆದ್ರೂ ತಾನೇ ಸರಿ ಹೋಗುತ್ತೆ. ಅಡ್ಡ ಮಲಗಿಸಿ, ಬಾಯಿಗೆ ನೀರು ಹಾಕಬೇಡಿ, ಅಲ್ಲಾಡಿಸಬೇಡಿ. ಐದಾರು ವರ್ಷಕ್ಕೆ ತಾನೇ ಬಿಡುತ್ತೆ. ನೀವು ಕೂಸನ್ನ ಕುಟ್ಟಾಣಿಗೆ ಹಾಕಿದ್ರೂ ಬಿಡುತ್ತೆ, ತೌಡಿಗೆ ಮಾರಿದ್ರೂ ಬಿಡುತ್ತೆ. ಕೊನೇದು ಯಾವಾಗ ಬಂತು?"

ಎಲ್ಲರೂ ವರದಮ್ಮನ ಕಡೆ ತಿರುಗಿದರು. ಮನೆಯಲ್ಲಿ ಹೇಳಿದ್ದನ್ನೇ ಅವಳು ಹೇಳಿದಳು.

ಡಾಕ್ಟರ ನಗು ನಿಂತಿತು. "ಅಳ್ಲಿಲ್ವಾ?"

"ಇಲ್ಲ."

"ಬಿದ್ದು ಪೆಟ್ಟಾಗಿತ್ತಾ? ಹೆದರಿತ್ತಾ?"

"ಇಲ್ಲ. ಆಡ್ತಾ ಇತ್ತು."

ಅವರು ಮಗುವಿನ ಕೈಯಿಂದ ಸ್ಟೆತಾಸ್ಕೋಪು ತೆಗೆದುಕೊಂಡು ಬಹಳ ಹೊತ್ತು ಎದೆಗೆ ಇಟ್ಟು ಕೇಳಿದರು. ಆನಂದಪ್ಪನನ್ನು ಹೊರಗೆ ಕರೆದುಕೊಂಡು ಹೋದರು. ಬಾಗಿಲು ತೆರೆದೇ ಇದ್ದುದರಿಂದ ಮಾತು ಒಳಗೂ ಕೇಳಿತು.

"ಅತ್ತು ಬಿದ್ದಿದ್ರೆ ಬೆನ್ನು ತಟ್ಟಿ ಮನೆಗೆ ಕಳಿಸ್ತಿದ್ದೆ. ಅಳದೇ, ಓಡಾಡ್ತಾ ಬಿದ್ದಿದೆ ಅಂದ್ರೆ ಅದು ಬೇರೆ. ಎದೆಬಡಿತದ ಲಯದಲ್ಲೇ ದೋಷ ಇರಬಹುದು. ಅಂಥ ಮಕ್ಕಳು ಒಂದಿನ ಬಿದ್ದವು ಏಳದೇ ಇರೋದೂ ಉಂಟು. ನನ್ನ ಕಿವಿಗೆ ಈಗ ಏನೂ ಗೊತ್ತಾಗ್ತಿಲ್ಲ. ಬಡಿತವನ್ನ ಕಾಗದದ ಮೇಲೆ ಗೀಚಿ ತೋರಿಸೋ ಯಂತ್ರ ಬೆಂಗಳೂರಲ್ಲಿದೆ. ಕರ್ಕೊಂಡು ಹೋಗಿ. ಅಲ್ಲಿವರೆಗೆ ಓಡಿಸಬೇಡಿ, ಹತ್ತಿಸಬೇಡಿ, ಬೆಚ್ಚಿಬೀಳಿಸಬೇಡಿ."

ಗಾಡಿಯಲ್ಲಿ ಬರುವಾಗ ತೌಡಿ ಒಬ್ಬಳೇ ಎತ್ತುಗಳಿಗೆ ಬುದ್ಧಿ ಹೇಳುತ್ತಿದ್ದಳು.

ಮರುದಿನದಿಂದ ಅವಳನ್ನು ಜಗಲಿಯ ಮೇಲೆ ಕೂರಿಸಿದರು. ಇಳಿಯುವಂತಿಲ್ಲ. ಕೇರಿಯ ಮಕ್ಕಳು ಕುಂಟಾಟ ಆಡುವುದನ್ನು ನೋಡುತ್ತಾ ಕೂರಬೇಕು. ಮೊದಲ ದಿನ ಹಟ ಮಾಡಿದಳು, ಎರಡನೆಯ ದಿನ ಮುನಿಸಿಕೊಂಡಳು. ಆಮೇಲೆ ಸುಮ್ಮನಾದಳು. ಕಂಬಕ್ಕೆ ತಲೆ ಆನಿಸಿಕೊಂಡು ಕೂತ ಆ ಮಗುವನ್ನು ನೋಡಿದರೆ ಯಾರಾದರೂ ಕಾಯಿಲೆಯ ಕೂಸು ಅನ್ನಬೇಕು. ಶೇಷಮ್ಮ ಊಟ ಬಿಟ್ಟಳು. ಗಳಿಗೆಗೊಮ್ಮೆ ಬಂದು ಮಗುವಿನ ಎದೆಗೆ ಕಿವಿ ಇಡುತ್ತಿದ್ದಳು. ಏನು ಕೇಳಬೇಕೆಂದು ಅವಳಿಗೆ ತಿಳಿಯದು. "ಸರಿ ಐತಾ ವರದಕ್ಕ? ನಿಂಗೆ ಗೊತ್ತಾಗುತ್ತೆ, ನೀ ಕೇಳು," ಎನ್ನುತ್ತಿದ್ದಳು. ವರದಮ್ಮ ಬಾಗಿ ಕೇಳುತ್ತಿದ್ದಳು. ಒನಕೆಗಳು ಒಂದೂ ತಪ್ಪದೆ ಬೀಳುತ್ತಿದ್ದವು.

"ಸರಿ ಇದೆ," ಎನ್ನುತ್ತಿದ್ದಳು. ಆ ನಿಜವನ್ನು ಈಗ ಯಾರೂ ನಂಬುತ್ತಿರಲಿಲ್ಲ.

ಆನಂದಪ್ಪ ಬೆಂಗಳೂರಿನ ದಾರಿ ವಿಚಾರಿಸುತ್ತಿದ್ದ. ಆಗ ಒಂದು ಬೆಳಗ್ಗೆ ಶೇಷಮ್ಮ ಕೊಟ್ಟಿಗೆಗೆ ಬಂದಳು. ವರದಮ್ಮ ಸಗಣಿ ಬಾಚುತ್ತಿದ್ದಳು. ಶೇಷಮ್ಮ ಗೋಡೆಗೆ ಒರಗಿ ನಿಂತು, ಮೊದಲೇ ಯೋಚಿಸಿಟ್ಟ ಮಾತನ್ನು ಇಳಿಸುವಂತೆ ಹೇಳಿದಳು:

"ವರದಕ್ಕ, ನೀ ಅವಳನ್ನ ಕುಪ್ಪಗಡ್ಡೆಗೆ ಕರ್ಕಂಡು ಹೋಗು."

"ಯಾಕೆ?"

"ಇಲ್ಲೇ ಇಟ್ಕಂಡಿದ್ದೇ ತಪ್ಪಾಯ್ತೇನೋ. ಮಾರಿದ್ ಮಗೂನ ಮನೇಲೇ ಇಟ್ಕಂಡು, ದಿನಾ ನೋಡಿ ಆಸೆ ಪಟ್ಟೆ. ಬಾಯಲ್ಲಿ ನಿಂದು ಅಂದೆ, ಹೊಟ್ಟೇಲಿ ನಂದೇ ಅಂತಿದ್ದೆ. ಅದಕ್ಕೇ ಬಿಟ್ಟಿಲ್ಲ ಅದು. ನೀ ದೂರ ಕರ್ಕಂಡು ಹೋಗು. ನಾ ವಾಪಸ್ ಕೇಳಲ್ಲ. ಯಾವತ್ತೂ ಕೇಳಲ್ಲ. ಎಲ್ಲಾದ್ರೂ ಒಂದ್ ಕಡೆ ಉಸಿರಾಡ್ಕಂಡು ಇದ್ರೆ ಸಾಕು."

ವರದಮ್ಮ ಬಯಸಿದ್ದು ಇಷ್ಟೇ. ಯಾರ ಹತ್ತಿರವೂ ಬಾಯಿಬಿಟ್ಟು ಕೇಳದಿದ್ದುದು ತಾನಾಗಿ ಕೊಟ್ಟಿಗೆಯವರೆಗೆ ನಡೆದುಕೊಂಡು ಬಂದಿತ್ತು. ಹೂಂ ಅಂದರೆ ಸಾಕಿತ್ತು. ಅವಳು ಶೇಷಮ್ಮನ ಮುಖ ನೋಡಿದಳು. ಕೆನ್ನೆ ಒಳಗೆ ಹೋಗಿತ್ತು, ತುಟಿ ನೀಲಿಗಟ್ಟಿತ್ತು. ಕೂಗಲು ತೆರೆದು ದನಿಯಿಲ್ಲದೆ ನಿಂತ ಆ ಬಾಯಿಯನ್ನು ವರದಮ್ಮ ಬಹಳ ಸಲ ನೋಡಿದ್ದಳು, ಮಗುವಿನಲ್ಲಿ.

"ಬಿದ್ದಿರಲಿಲ್ಲ," ಎಂದಳು.

"ಏನು?"

"ಕಣದಲ್ಲಿ ಆಡ್ತಾ ಬಿದ್ದಿದ್ದು ಸುಳ್ಳು. ನೀ ಕೇಳಿದ ದಿನ ಎಡವಿ ಬಿದ್ದು ಮೊಣಕಾಲು ತರಚಿಕೊಳ್ತು. ಅತ್ತಿತು. ಎಲ್ಲಾ ಮಕ್ಕಳ ಹಾಗೆ ಅತ್ತಿತು, ಉಸಿರು ಕಟ್ಟಲಿಲ್ಲ. ದೀಪಾವಳಿಗೆ ಮುಂಚೆ ಬಂದಿದ್ದೇ ಕಡೇದು. ಗಟ್ಟಿಯಾಗಿದ್ದಾಳೆ ಅಂದ್ರೆ ನೀನು ತಗೊಳ್ತೀಯಲ್ಲ, ಅದಕ್ಕೆ ಹೇಳಿದೆ."

ಶೇಷಮ್ಮ ಗೋಡೆ ಬಿಟ್ಟು ಹತ್ತಿರ ಬಂದಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ವರದಮ್ಮ ಸಗಣಿ ಕೈಯಲ್ಲೇ ನಿಂತಿದ್ದಳು.

"ಹಂಗಾರೆ ಓಡಬಹುದಾ?"

"ಓಡಲಿ."

ಶೇಷಮ್ಮ ಹೊರಗೆ ಹೋದಳು. ಜಗಲಿಯಿಂದ ಅವಳ ದನಿ ಕೇಳಿತು: "ಏ ತೌಡಿ, ಇಳಿಯೇ. ಹೋಗು, ಆಡ್ಕ ಹೋಗು." ಮಗು ನಂಬಲಿಲ್ಲ, ಎರಡು ಸಲ ಹೇಳಬೇಕಾಯಿತು. ಆಮೇಲೆ ಚಿಕ್ಕ ಪಾದಗಳು ಧೂಳಿನಲ್ಲಿ ಓಡಿದ ಸದ್ದು. ಶೇಷಮ್ಮ ಅಲ್ಲೇ ಕುಸಿದು ಕೂತು ಅತ್ತಳು.

ವಿಷಯ ತಿಳಿದ ಆನಂದಪ್ಪ ಮರುದಿನ, "ಇಷ್ಟು ವರ್ಷ ಸಾಕಿದೀಯ ಅಂತ ಸುಮ್ನಿದೀನಿ," ಎಂದಷ್ಟೇ ಅಂದು, ಮತ್ತೆ ಗಾಡಿ ಕಟ್ಟಿದ. ಡಾಕ್ಟರು ಎಲ್ಲವನ್ನೂ ಕೇಳಿ, ಮಗುವನ್ನು ಅಂಗಳದಲ್ಲಿ ಓಡಿಸಿ, ಓಡಿ ಬಂದ ಎದೆಯನ್ನು ಮತ್ತೆ ಪರೀಕ್ಷಿಸಿ, ಬೆಂಗಳೂರು ಬೇಡ ಎಂದರು. ವರದಮ್ಮನ ಕಡೆ ತಿರುಗಿ, "ಸುಳ್ಳು ಹೇಳೋದಾದ್ರೂ ನೋಡ್ಕೊಂಡು ಹೇಳ್ಬಾರದೇನ್ರೀ ತಾಯಿ? ಅತ್ತು ಬಿದ್ಲು ಅಂದಿದ್ರೆ ನಾನೂ ರಾತ್ರಿ ನಿದ್ದೆ ಮಾಡ್ತಿದ್ದೆ," ಎಂದರು. ನಗಲಿಲ್ಲ, ಬೈಯಲೂ ಇಲ್ಲ.

ಕೊಟ್ಟು ತೆಗೆದುಕೊಳ್ಳುವ ದಿನವನ್ನು ವರದಮ್ಮನೇ ಗೊತ್ತು ಮಾಡಿದಳು. ಮುಂದಕ್ಕೆ ಹಾಕಿದರೆ ಬಾಯಿ ಏಳುವುದಿಲ್ಲ ಎಂದು ಅವಳಿಗೆ ತಿಳಿದಿತ್ತು. ಹಿಂದಿನ ದಿನ ಮಗುವಿಗೆ ಎಣ್ಣೆ ಹಚ್ಚಿ ನೀರೆರೆದಳು. ಬೆನ್ನು ಉಜ್ಜುತ್ತಾ ಕೇಳಿದಳು, "ಅವ್ವ ಊರಿಗೆ ಹೋದ್ರೆ ಏನ್ ಮಾಡ್ತೀಯೇ?"

"ಬರುವಾಗ ಏನ್ ತರ್ತೀಯ?"

"ಏನು ಬೇಕು?"

"ಕುರಿಮರಿ."

"ಆಗಲಿ," ಎಂದಳು ವರದಮ್ಮ. ಕಣ್ಣಿಗೆ ಸೀಗೆಪುಡಿ ಹೋಯಿತೆಂದು ಮುಖ ಒರೆಸಿಕೊಂಡಳು.

ಬೆಳಗ್ಗೆ ಹಿತ್ತಿಲ ಬಾಗಿಲಲ್ಲಿ ಹೆಂಗಸರು ಸೇರಿದರು. ಈ ಸಲ ವರದಮ್ಮ ಒಳಗೆ, ಶೇಷಮ್ಮ ಹೊರಗೆ. ತೌಡಿಗೆ ಕೊಂಡ ಮಗುವನ್ನು ಅಕ್ಕಿಗೆ ಕೊಡಬೇಕು, ಅದು ರೂಢಿ. ಶೇಷಮ್ಮನ ಮೊರದಲ್ಲಿ ಅಕ್ಕಿ, ಅದರ ಮೇಲೊಂದು ಹೊಸ ಸೀರೆ. ತೌಡಿ ಈಗ ಮೊರದಲ್ಲಿ ಹಿಡಿಸುವ ಮಗುವಲ್ಲ, ಅದರೊಳಗೆ ನಿಂತುಕೊಂಡು ಎಲ್ಲರನ್ನೂ ನೋಡಿ ನಗುತ್ತಿದ್ದಳು.

"ಏನು ಮಾರ್ತೀಯ?" ಎಂದು ಶೇಷಮ್ಮ ಕೇಳಿದಳು.

ಹೇಳಬೇಕಾದ ಮಾತು ಒಂದೇ ಒಂದು. ವರದಮ್ಮ ಬಾಯಿ ತೆರೆದಳು. ಹೆಂಗಸರು ಕಾದರು. ಗುಡ್ಡಮ್ಮ ಮೆಲ್ಲಗೆ, "ಅನ್ನವ್ವ. ನಿಧಾನಕ್ಕೆ ಅನ್ನು," ಎಂದಳು. ಅವಳ ಬಾಯಿಂದ ಅಷ್ಟು ಮೃದುವಾದ ಮಾತನ್ನು ಕೇರಿ ಅದುವರೆಗೆ ಕೇಳಿರಲಿಲ್ಲ.

"ನನ್ನ ಮಗಳು ಗಟ್ಟಿಯಾದಳು," ಎಂದಳು ವರದಮ್ಮ. "ತಗೊಳ್ಳಿ."

ಶೇಷಮ್ಮ ಮಗುವನ್ನು ಎತ್ತಿಕೊಂಡಳು. ಎತ್ತಿಕೊಂಡವಳು ಒಂದು ಹೆಜ್ಜೆ ಮುಂದೆ ಬಂದು, ಮುಟ್ಟಬಾರದೆಂಬ ಕಟ್ಟಳೆ ಇದ್ದರೂ ವರದಮ್ಮನ ತೋಳನ್ನು ಗಟ್ಟಿಯಾಗಿ ಹಿಡಿದು, ಬಿಟ್ಟು, ಒಳಗೆ ಹೋದಳು. ಮಗುವಿನ ಕೈಗೆ ಬೆಲ್ಲ ಕೊಬ್ಬರಿ ಬಂತು. ಯಾರೋ ಹಾಡು ಎತ್ತಿದರು.

ವರದಮ್ಮ ಕೋಣೆಯ ಚಾಪೆ, ಎರಡು ಸೀರೆ, ಒಂದು ತಂಬಿಗೆ ಗಂಟು ಕಟ್ಟಿ ಆಗಲೇ ಹಿತ್ತಿಲಲ್ಲಿ ಇಟ್ಟಿದ್ದಳು. ಅಣ್ಣನ ಮಗ ಮಾಸ್ತಪ್ಪ ಸೊರಬದ ರಸ್ತೆಯಲ್ಲಿ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದ. ಅಕ್ಕಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಅವಳು ಹೊಸ್ತಿಲು ದಾಟಿ, ಹೊಸ ಸೀರೆಯನ್ನು ಗಂಟಿಗೆ ಸಿಕ್ಕಿಸಿ ತಲೆಗೇರಿಸಿದಳು. ಹಿಂದೆ ನೋಡಬಾರದು. ನೋಡಲಿಲ್ಲ. ಆದರೆ ಕಿವಿಗೆ ಯಾವ ಕಟ್ಟಳೆಯೂ ಇಲ್ಲವಲ್ಲ. ಹುಲ್ಲಿನ ಬಣವೆಯ ಹತ್ತಿರ ನಿಂತು ಗಂಟು ಸರಿಮಾಡಿಕೊಂಡಳು. ಬೇಲಿಯ ಹತ್ತಿರ ಇನ್ನೊಮ್ಮೆ ಸರಿಮಾಡಿಕೊಂಡಳು. ವರ್ಷಗಟ್ಟಲೆ ಯಾವ ಅಳುವನ್ನು ಬೇಡವೆಂದು ಕಾದಿದ್ದಳೋ ಅದು ಈಗ ಒಂದು ಸಲ ಬರಲಿ ಎಂದು ಅವಳ ಜೀವವೆಲ್ಲ ಕಾಯಿತು. ತನಗಾಗಿ, ಒಂದೇ ಒಂದು ಅಳು. ಗಟ್ಟಿಯಾದ ಮಗು, ಅತ್ತರೂ ಏನೂ ಆಗದು.

ಅಳು ಬರಲಿಲ್ಲ. ಹಾಡು ನಿಂತ ಸಂದಿನಲ್ಲಿ ಮಗುವಿನ ಮಾತು ಕೇಳಿತು. "ಶೇಷಕ್ಕ, ಇನ್ನೊಂದು ಚೂರು."

"ಶೇಷಕ್ಕ ಅಲ್ಲ ಕಣೇ," ಎಂದರು ಯಾರೋ. "ಅವ್ವ ಅನ್ನು. ಇನ್ಮುಂದೆ ಇವಳೇ ಅವ್ವ."

ಆಮೇಲೆ ಜೋರಾಗಿ, ಹಿತ್ತಿಲೆಲ್ಲ ಕೇಳುವಂತೆ, "ಅವ್ವಾ."

ವರದಮ್ಮನ ಕಾಲು ತಾನಾಗಿ ಮನೆಯ ಕಡೆ ತಿರುಗಿತು. ಬಾಯಲ್ಲಿ "ಓ" ಬಂದು ನಿಂತಿತು.

ಒಳಗಿಂದ ಶೇಷಮ್ಮ ಓಗೊಟ್ಟಳು.

ವರದಮ್ಮ ಬೇಲಿಯ ತಡಿಕೆ ತೆಗೆದು ಆಚೆ ಹೋದಳು. ದನ ನುಗ್ಗದಂತೆ ಅದನ್ನು ಮತ್ತೆ ಮುಚ್ಚಿ, ಹಗ್ಗದ ಕುಣಿಕೆ ಹಾಕಿ, ರಸ್ತೆಯ ಕಡೆ ನಡೆದಳು.